ಹಾಲೇಶನ ಕಣ್ಣು, ನಾಗವೇಣಿಯ ಬೆಸುಗೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರಿನ ಬೋರ್ಡುಗಳನ್ನು ಪರೀಕ್ಷಿಸುವ ವಿಭಾಗ ನನ್ನ ಕೈಯಲ್ಲಿತ್ತು. ಈಗ ನಿವೃತ್ತನಾಗಿ ವಿನೋಬನಗರದ ಮನೆಯಲ್ಲಿ ಕೂತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವರು ಬಂದು, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂಬುದರಿಂದ ಅವರಿಗೆ ಕವಡೆ ಕಾಸಿನ ಪ್ರಯೋಜನವಿಲ್ಲ. ಹಾಗಾಗಿ ಕಂಡೆನ್ಸರ್ ಬಗ್ಗೆಯೇ ಬರೆಯುತ್ತೇನೆ. ಪುಸ್ತಕದಲ್ಲಿ ಅದನ್ನು ಕೆಪಾಸಿಟರ್ ಎನ್ನುತ್ತಾರೆ. ನಮ್ಮ ಕಡೆ ಫ್ಯಾನ್ ರಿಪೇರಿಯವರಿಂದ ಹಿಡಿದು ಹೊಲದವರವರೆಗೆ ಎಲ್ಲರ ಬಾಯಲ್ಲೂ ಅದು ಕಂಡೆನ್ಸರ್.

ಹೆಬ್ಬೆರಳಿನಷ್ಟಿದ್ದ ಒಂದು ಕಂಡೆನ್ಸರ್ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಾಲೇಶನ ಬಲಗಣ್ಣನ್ನು ತೆಗೆಯಿತು. ಬೆಸುಗೆ ಹಾಕುತ್ತಿದ್ದ ನಾಗವೇಣಿ ಅದನ್ನು ಉಲ್ಟಾ ಕೂರಿಸಿದ್ದಳು ಎಂಬ ಮಾತು ಹುಟ್ಟಿತು. ಅವಳ ಕೈ ತಪ್ಪಿತ್ತೋ ಇಲ್ಲವೋ ಎಂದು ಹೇಳಬೇಕಾದವನು ನಾನಾದೆ. ನನ್ನ ಇಡೀ ದುಡಿಮೆಯಲ್ಲಿ ಅಷ್ಟು ಭಾರದ ಕೆಲಸ ಇನ್ನೊಂದಿರಲಿಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ಕಂಡೆನ್ಸರ್ ಎಂದರೇನು ಎಂದು ನಿಮಗೆ ತಿಳಿದಿರಬೇಕು. ನನಗೆ ಹೇಗೆ ತಿಳಿಯಿತೋ ಹಾಗೆಯೇ ಹೇಳುತ್ತೇನೆ.

ಕಾರ್ಖಾನೆಗೆ ಬರುವ ಮುಂಚೆ ನಾನು ಹರಿಹರದಲ್ಲಿ ಇಮಾಮ್ ಸಾಬ್ ಎನ್ನುವವರ ಟಿವಿ ರಿಪೇರಿ ಅಂಗಡಿಯಲ್ಲಿದ್ದೆ. ಇಮಾಮ್ ಸಾಬರು ಮಾತು ಕಡಿಮೆ, ಏಟು ಜಾಸ್ತಿ ಎನ್ನುವ ಕಾಲದ ಗುರುಗಳು. ಒಮ್ಮೆ ನಾನು ಪ್ಲಗ್ ಕಿತ್ತು ಟಿವಿಯೊಳಗೆ ಕೈ ಹಾಕಲು ಹೋದಾಗ ಸ್ಕ್ರೂಡ್ರೈವರಿನ ಹಿಡಿಯಿಂದ ನನ್ನ ಮಣಿಕಟ್ಟಿಗೆ ಬಾರಿಸಿದರು. ಆಮೇಲೆ ಅದೇ ಸ್ಕ್ರೂಡ್ರೈವರನ್ನು ಒಳಗಿದ್ದ ದೊಡ್ಡ ಕಂಡೆನ್ಸರಿನ ಎರಡು ಕಾಲುಗಳಿಗೆ ಅಡ್ಡ ಇಟ್ಟರು. ಫಟ್ಟೆಂದು ನೀಲಿ ಕಿಡಿ ಹಾರಿತು.

"ನೋಡಿದ್ಯಾ? ಪ್ಲಗ್ ಕಿತ್ತೀನಿ, ಸತ್ತೈತೆ ಅನ್ಕಬ್ಯಾಡ. ಅದರ ಹೊಟ್ಯಾಗ ಇನ್ನೂ ಜೀವ ಐತೆ," ಎಂದರು.

ಈಗ ಹಾಗೆ ಸ್ಕ್ರೂಡ್ರೈವರ್ ಇಡುವುದಿಲ್ಲ. ರೆಸಿಸ್ಟರ್ ಕಟ್ಟಿ ನಿಧಾನವಾಗಿ ಖಾಲಿ ಮಾಡಿ, ಮೀಟರಿನಲ್ಲಿ ನೋಡಿದ ಮೇಲೆ ಕೈ ಹಾಕುತ್ತೇವೆ. ವಿಧಾನ ಬದಲಾಗಿದೆ, ಹೊಟ್ಟೆಯೊಳಗಿನ ಜೀವ ಬದಲಾಗಿಲ್ಲ.

ಎರಡು ಲೋಹದ ಹಾಳೆ, ನಡುವೆ ಕರೆಂಟು ದಾಟಲಾಗದ ಒಂದು ತಡೆ. ಕಂಡೆನ್ಸರ್ ಎಂದರೆ ಇಷ್ಟೇ. ಹಾಳೆಗಳ ಮೇಲೆ ವಿದ್ಯುತ್ತು ಬಂದು ತುಂಬಿಕೊಳ್ಳುತ್ತದೆ, ಬೇಕಾದಾಗ ವಾಪಸ್ ಹರಿಯುತ್ತದೆ. ದಾವಣಗೆರೆಯಲ್ಲಿ ನಳದ ನೀರು ಬಂದಾಗ ಡ್ರಮ್ ತುಂಬಿಸಿ, ಬಾರದಿದ್ದಾಗ ಅದರಿಂದ ತೋಡಿಕೊಳ್ಳುತ್ತೇವಲ್ಲ, ಬೋರ್ಡಿನ ಮೇಲಿನ ದೊಡ್ಡ ಕಂಡೆನ್ಸರಿನ ಕೆಲಸ ಅದೇ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎಂಬ ಭಾಗದಿಂದ ಬಿಟ್ಟು ಬಿಟ್ಟು ಬರುವುದನ್ನು ತುಂಬಿಟ್ಟುಕೊಂಡು, ಮುಂದಕ್ಕೆ ಒಂದೇ ಸಮನೆ ಕೊಡುತ್ತದೆ.

ಕಂಡೆನ್ಸರಿನಲ್ಲಿ ಎರಡು ಜಾತಿ, ಅವುಗಳ ಭೇದ ಇರುವುದು ನಡುವಿನ ಆ ತಡೆಯಲ್ಲಿ. ಪ್ಲಾಸ್ಟಿಕ್ ಹಾಳೆ ಅಥವಾ ಪಿಂಗಾಣಿಯಂಥ ವಸ್ತು ತಡೆಯಾಗಿದ್ದರೆ ಅದಕ್ಕೆ ಪ್ಲಸ್, ಮೈನಸ್ ಎಂಬ ಹಂಗಿಲ್ಲ. ಹೇಗೆ ಕೂರಿಸಿದರೂ ನಡೆಯುತ್ತದೆ. ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟಿಗೂ, ಅಂದರೆ ಎಸಿಗೂ, ಅದನ್ನು ಕೊಡಬಹುದು. ಇನ್ನೊಂದು ಜಾತಿಯಲ್ಲಿ ತಡೆ ಎನ್ನುವುದು ಅಲ್ಯೂಮಿನಿಯಂ ಹಾಳೆಯ ಮೇಲೆ ಕರೆಂಟಿನಿಂದಲೇ ಬೆಳೆಸಿದ ತೀರಾ ತೆಳುವಾದ ಒಂದು ಪೊರೆ. ಹಾಲಿನ ಮೇಲಿನ ಕೆನೆ ಅದರ ಮುಂದೆ ಕಂಬಳಿ. ತಡೆ ತೆಳುವಾದಷ್ಟೂ ಹೆಚ್ಚು ವಿದ್ಯುತ್ತು ಹಿಡಿಯುತ್ತದೆ, ಅದಕ್ಕೇ ಸಣ್ಣ ಡಬ್ಬಿಯಲ್ಲಿ ಅಷ್ಟು ಶಕ್ತಿ. ಆದರೆ ಆ ಪೊರೆ ಒಂದೇ ದಿಕ್ಕಿನ ಕರೆಂಟನ್ನು ತಡೆಯುತ್ತದೆ. ಉಲ್ಟಾ ಕೊಟ್ಟರೆ ಪೊರೆ ಹಾಳಾಗಿ, ಒಳಗಿನ ರಾಸಾಯನಿಕ ಕಾದು, ಗಾಳಿ ಹುಟ್ಟಿ ಡಬ್ಬಿ ಉಬ್ಬುತ್ತದೆ. ಅದಕ್ಕಾಗಿಯೇ ಡಬ್ಬಿಯ ನೆತ್ತಿಯ ಮೇಲೆ ಅಡ್ಡ ಗೀಟು ಕೊರೆದಿರುತ್ತಾರೆ. ಒತ್ತಡ ಹೆಚ್ಚಾದರೆ ಆ ಗೀಟು ಬಾಯಿ ಬಿಟ್ಟು ಗಾಳಿ ಹೊರಗೆ ಹೋಗಲಿ ಎಂದು. ಮೈಮೇಲೆ ಒಂದು ಪಟ್ಟೆ ಇರುತ್ತದೆ, ಅದು ಮೈನಸ್ ಕಡೆ.

ಇಮಾಮ್ ಸಾಬರ ಹತ್ತಿರ ಒಂದು ಕೈಚಳಕವಿತ್ತು. ಸ್ಪೀಕರ್ ಪೆಟ್ಟಿಗೆಯಲ್ಲಿ ಸಣ್ಣ ಸ್ಪೀಕರಿಗೆ ಹೋಗುವ ದಾರಿಯಲ್ಲಿ ದಿಕ್ಕಿಲ್ಲದ ಕಂಡೆನ್ಸರೇ ಬೇಕು, ಏಕೆಂದರೆ ಹಾಡಿನ ಕರೆಂಟು ಹಿಂದೆ ಮುಂದೆ ಆಡುತ್ತದೆ. ಅಂಥದ್ದು ಸಿಗದಿದ್ದಾಗ ಅವರು ದಿಕ್ಕಿರುವ ಎರಡನ್ನು ತಂದು ಮೈನಸ್ಸಿಗೆ ಮೈನಸ್ ಸೇರಿಸಿ ಬೆಸೆಯುತ್ತಿದ್ದರು. ಕರೆಂಟು ಯಾವ ಕಡೆಯಿಂದ ಬಂದರೂ ಎರಡರಲ್ಲಿ ಒಂದು ತಡೆದುಕೊಳ್ಳುತ್ತದೆ. ಶಕ್ತಿ ಅರ್ಧವಾಗುತ್ತದೆ, ಸ್ಪೀಕರ್ ಹಾಡುತ್ತದೆ. "ಜಗಳಗಂಟ್ರು ಇಬ್ಬರನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂಡ್ಸು, ಮನಿ ಕಾಯ್ತಾರ," ಎನ್ನುತ್ತಿದ್ದರು.

ದಿಕ್ಕಿಲ್ಲದ್ದು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಇದನ್ನು ನಾನು ಕಲಿತದ್ದು ಭಾನುವಳ್ಳಿಯಲ್ಲಿ. ನಮ್ಮ ರೈತರು ಮೂರು ಫೇಸ್ ಮೋಟಾರನ್ನು ಎರಡೇ ಫೇಸ್ ಇರುವಾಗ ಕಂಡೆನ್ಸರ್ ಕಟ್ಟಿ ಓಡಿಸುವುದು ನಿಮಗೆ ಗೊತ್ತೇ ಇದೆ. ಅಲ್ಲಿನ ಒಬ್ಬರ ಪಂಪ್‌ಮನೆಯಿಂದ ದೂರು ಬಂತು. ಹೋಗಿ ನೋಡಿದರೆ ಗೋಡೆಗೆಲ್ಲ ಒದ್ದೆ ಕಾಗದದ ಚೂರು ಮೆತ್ತಿಕೊಂಡಿತ್ತು. ಮೋಟಾರ್ ಓಡುವಷ್ಟು ಹೊತ್ತೂ ಇರಬೇಕಾದ ಕಂಡೆನ್ಸರ್ ಕೆಟ್ಟಾಗ, ಮೋಟಾರ್ ಎಬ್ಬಿಸುವ ಒಂದು ಗಳಿಗೆಗಷ್ಟೇ ಬಳಸುವ ಕಪ್ಪು ಕಂಡೆನ್ಸರನ್ನು ಅವರು ಆ ಜಾಗದಲ್ಲಿ ಕಟ್ಟಿದ್ದರು.

"ಎರಡಕ್ಕೂ ಪ್ಲಸ್ ಮೈನಸ್ ಇಲ್ಲ ಅಂತ ನೀವೇ ಹೇಳಿದ್ರಲ್ರಿ," ಎಂದು ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಓಡೋ ಎತ್ತು ಬ್ಯಾರೆ, ಭಾರ ಎಳೆಯೋ ಎತ್ತು ಬ್ಯಾರೆ ಯಜಮಾನ್ರೆ. ಇದು ಒಂದು ದಮ್ಮಿಗೆ ಜಗ್ಗಿ ಕೂಡೋದು. ದಿನಪೂರ್ತಿ ಹೂಡಿದ್ರೆ ಸಾಯ್ತೈತೆ," ಎಂದೆ. ಎತ್ತಿನ ಭಾಷೆಯಲ್ಲಿ ಹೇಳಿದ ಮೇಲೆ ಅವರಿಗೆ ಒಪ್ಪಿಗೆಯಾಯಿತು, ಮಜ್ಜಿಗೆ ಕೊಟ್ಟು ಕಳಿಸಿದರು.

ಇನ್ನು ಹಾಲೇಶನ ವಿಷಯ.

ಹಾಲೇಶ ನನ್ನ ವಿಭಾಗದ ಬಲಗೈ. ಬೋರ್ಡಿಗೆ ಕರೆಂಟು ಕೊಟ್ಟು, ಬಗ್ಗಿ, ಒಂದೊಂದೇ ಭಾಗದ ನೆತ್ತಿಯ ಮೇಲೆ ಬೆರಳ ತುದಿ ಇಟ್ಟು ಬಿಸಿ ನೋಡುವುದು ಅವನ ರೂಢಿ. ಮೀಟರ್ ತೋರಿಸುವ ಮುಂಚೆ ಅವನ ಬೆರಳು ಹೇಳುತ್ತಿತ್ತು. ನಮ್ಮ ಬೋರ್ಡುಗಳು ಹೊಲದ ಸ್ಟಾರ್ಟರ್ ಡಬ್ಬಿಯೊಳಗೆ ಕೂರುವಂಥವು. ಹೊಲದಲ್ಲಿ ಡಬ್ಬಿ ಎಂದರೆ ಹಲ್ಲಿಗೂ ಇರುವೆಗೂ ಮನೆ. ಹಲ್ಲಿ ಎರಡು ತಂತಿಯ ನಡುವೆ ಕಾಲಿಟ್ಟರೆ ಹಲ್ಲಿಯೂ ಸತ್ತು ಬೋರ್ಡೂ ಸಾಯುತ್ತಿತ್ತು. ವಾಪಸ್ ಬಂದ ಬೋರ್ಡುಗಳಿಂದ ಮೂಲೆ ತುಂಬಿಹೋಗಿತ್ತು.

ಉಪಾಯ ಹೇಳಿದವನು ಹಾಲೇಶ. ಗಟ್ಟಿಯಾಗುವ ಕಪ್ಪು ಅಂಟನ್ನು ಬೋರ್ಡಿನ ಮೇಲೆ ಸುರಿದು, ಎಲ್ಲ ಭಾಗಗಳನ್ನೂ ನೆತ್ತಿ ಮುಚ್ಚುವವರೆಗೆ ಮುಳುಗಿಸಿಬಿಟ್ಟರೆ ಹಲ್ಲಿ ಏನು ಮಾಡುತ್ತದೆ? ಹಾಗೇ ಮಾಡಿದೆವು. ವಾಪಸ್ ಬರುವುದು ನಿಂತಿತು. ಆಯುಧಪೂಜೆಯ ದಿನ ಸಾಹುಕಾರರು, ಅಂದರೆ ನಮ್ಮ ಮಾಲೀಕರು, ಎಲ್ಲರೆದುರು ಹಾಲೇಶನಿಗೆ ಶಾಲು ಹೊದಿಸಿದರು. ಅವನು ಆ ಶಾಲನ್ನು ಹೆಂಡತಿ ಶಾರದಮ್ಮನಿಗೆ ತೋರಿಸಲು ಹೆಗಲ ಮೇಲಿಂದ ತೆಗೆಯದೆ ಮನೆಗೆ ಹೋದ.

ಬೋರ್ಡಿಗೆ ಭಾಗಗಳನ್ನು ಕೂರಿಸಿ ಬೆಸೆಯುವವರು ಹೆಣ್ಣುಮಕ್ಕಳು. ಯಾರು ಮಾಡಿದ ಬೋರ್ಡು ಯಾವುದು ಎಂದು ತಿಳಿಯಲು ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೋರ್ಡಿನ ಅಂಟು ಮುಟ್ಟದ ಮೂಲೆಯಲ್ಲಿ ಉಗುರಿಗೆ ಹಚ್ಚುವ ಬಣ್ಣದ ಒಂದು ಚುಕ್ಕಿ, ಒಬ್ಬೊಬ್ಬರದು ಒಂದೊಂದು ಬಣ್ಣ. ನಾಗವೇಣಿಯದು ಹಸಿರು. ಹಸಿರು ಚುಕ್ಕಿಯ ಬೋರ್ಡು ಬಂದರೆ ಹಾಲೇಶ ಕಣ್ಣು ಮುಚ್ಚಿ ಪಾಸ್ ಮಾಡಬಹುದು ಎಂದು ತಮಾಷೆ ಮಾಡುತ್ತಿದ್ದ. ಇಬ್ಬರ ಮನೆಯೂ ವಿನೋಬನಗರದ ಒಂದೇ ಓಣಿಯಲ್ಲಿ; ಒಂದೇ ನಳಕ್ಕೆ ಕೊಡ ಹಿಡಿಯುವವರು.

ಒಂದು ಬೆಳಿಗ್ಗೆ, ಅಂಟು ಹಾಕುವ ಮುಂಚೆ ಒಮ್ಮೆ ಪಾಸಾಗಿದ್ದ ಬೋರ್ಡಿಗೆ, ಅಂಟು ಒಣಗಿದ ಮೇಲೆ ಹಾಲೇಶ ಎರಡನೇ ಸಲ ಕರೆಂಟು ಕೊಟ್ಟ. ಬಗ್ಗಿದ. ಗುಂಡು ಹಾರಿದಂಥ ಶಬ್ದವಾಯಿತು. ದೊಡ್ಡ ಕಂಡೆನ್ಸರಿನ ಡಬ್ಬಿ ಬುಡದಿಂದ ಕಿತ್ತು, ನೆತ್ತಿಯ ಮೇಲಿನ ಅಂಟಿನ ಗಟ್ಟಿಯ ಸಮೇತ ಅವನ ಕಣ್ಣಿಗೆ ಬಡಿದಿತ್ತು. ಆಸ್ಪತ್ರೆಯಲ್ಲಿ ವೈದ್ಯರು ನೋಡಿ, ಬಲಗಣ್ಣಿನ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು. ನಾನು ಅವನ ಕೈ ಹಿಡಿದುಕೊಂಡು ಕೂತಿದ್ದೆ.

ವಾಪಸ್ ಬರುವಷ್ಟರಲ್ಲಿ ಕಾರ್ಖಾನೆಯಲ್ಲಿ ತೀರ್ಪು ಆಗಿಹೋಗಿತ್ತು. ಬೋರ್ಡಿನ ಮೂಲೆಯಲ್ಲಿ ಹಸಿರು ಚುಕ್ಕಿ. ಕಂಡೆನ್ಸರ್ ಸಿಡಿದಿದೆ. ಉಲ್ಟಾ ಹಾಕಿದರೆ ಸಿಡಿಯುತ್ತದೆ ಎಂದು ನಾನೇ ಎಲ್ಲರಿಗೂ ಕಲಿಸಿದ್ದೆ.

ಸಾಹುಕಾರರು ನನ್ನನ್ನು ಕರೆದರು. "ನಾನು ಯಾರನ್ನೂ ಏನೂ ಅಂದಿಲ್ಲ ಕೊಟ್ರಪ್ಪ. ಆದ್ರ ಚುಕ್ಕಿ ಐತೆ, ಅದನ್ನ ಇಲ್ಲ ಅನ್ನಾಕ ಬರಂಗಿಲ್ಲ. ನೀನು ನೋಡಿ ಹೇಳು. ಅಲ್ಲೀತನಕ ಆ ಹುಡುಗಿ ಪ್ಯಾಕಿಂಗ್‌ನ್ಯಾಗ ಇರ್ಲಿ." ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ಗಟ್ಟಿಗರು. ಆದರೆ ಕೆಟ್ಟವರಲ್ಲ, ಹಾಲೇಶನ ಆಸ್ಪತ್ರೆಯ ಖರ್ಚು ಅವರೇ ನೋಡಿಕೊಂಡರು.

ನಾಗವೇಣಿ ರಟ್ಟಿನ ಪೆಟ್ಟಿಗೆಗಳ ನಡುವೆ ತಲೆ ತಗ್ಗಿಸಿ ಕೂತಳು. ಜೊತೆಯ ಹೆಣ್ಣುಮಕ್ಕಳು ಊಟದ ಡಬ್ಬಿ ಬಿಚ್ಚುವಾಗ ಅವಳನ್ನು ಕರೆಯುವುದು ಬಿಟ್ಟರು. ಓಣಿಯಲ್ಲಿ ಅವಳು ನಳಕ್ಕೆ ಬಂದರೆ ಶಾರದಮ್ಮ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. "ನನ್ನ ಗಂಡನ ಕಣ್ಣು ತಿಂದಾಕಿ," ಎಂದು ಒಮ್ಮೆ ನನ್ನೆದುರಿಗೇ ಅಂದರು.

ಒಂದು ಸಂಜೆ ನಾಗವೇಣಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಸರ್, ನಾನು ಉಲ್ಟಾ ಹಾಕಿರಬಹುದೇನ್ರಿ? ಎಷ್ಟು ನೆನಸಿಕೊಂಡ್ರೂ ಆ ಬೋರ್ಡು ನೆನಪಿಗೆ ಬರವಲ್ದು. ಎಲ್ಲರೂ ಅಂದಂದು ಈಗ ನಂಗೂ ಹಂಗೇ ಅನ್ಸಾಕತ್ತೈತೆ."

ಆ ಮಾತು ನನ್ನನ್ನು ಹೆದರಿಸಿತು. ಹತ್ತು ಮಂದಿ ಹೇಳಿದರೆಂದು ಒಬ್ಬಳು ತನ್ನ ಕೈಯನ್ನೇ ನಂಬದಂತಾದರೆ ಆ ಕೈ ಮತ್ತೆ ಬೆಸುಗೆ ಕೋಲು ಹಿಡಿಯುವುದಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಇಲ್ಲಿ ಪ್ರತ್ಯಕ್ಷವಾಗಿ ಕಂಡವರೂ ಯಾರೂ ಇರಲಿಲ್ಲ.

ಕಷ್ಟ ಇದ್ದದ್ದು ಇಲ್ಲಿ. ಪಟ್ಟೆ ಇದ್ದ ಮೇಲಿನ ಹೊದಿಕೆ ಸುಟ್ಟು ಚಿಂದಿಯಾಗಿತ್ತು. ಹೊಸದರಲ್ಲಿ ಉದ್ದ ಕಾಲು ಪ್ಲಸ್, ಅದನ್ನು ನೋಡೋಣವೆಂದರೆ ಬೆಸೆದ ಮೇಲೆ ಎರಡು ಕಾಲನ್ನೂ ಸಮನಾಗಿ ಕತ್ತರಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿ ಪಾಸಾಗಿತ್ತಲ್ಲ ಎಂದರೂ ನಿಲ್ಲುವುದಿಲ್ಲ. ಉಲ್ಟಾ ಕೂತದ್ದು ಕೆಲವು ಸಲ ಒಂದಷ್ಟು ಹೊತ್ತು ತಡೆದು ಆಮೇಲೆ ಸಿಡಿಯುತ್ತದೆ. ಆ ಬೋರ್ಡಿನಲ್ಲಿ ಒಂದೇ ಒಂದು ಡಯೋಡ್ ಇತ್ತು, ಅದು ಸತ್ತು ಎರಡೂ ಕಡೆ ಕರೆಂಟು ಬಿಡುತ್ತಿತ್ತು. ಹಾಗೆ ಬಿಟ್ಟರೆ ಎಸಿ ನೇರವಾಗಿ ಕಂಡೆನ್ಸರಿಗೆ ನುಗ್ಗುತ್ತದೆ. ಸರಿಯಾಗಿ ಕೂತದ್ದೂ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಸಾಹುಕಾರರು ಸರಿಯಾಗಿಯೇ ಕೇಳಿದರು: "ಕಂಡೆನ್ಸರ್ ಉಲ್ಟಾ ಕೂತಿದ್ದಕ್ಕೇ ಡಯೋಡ್ ಸತ್ತಿರಬಹುದಲ್ಲ? ಯಾವುದು ಮೊದಲು ಸತ್ತಿದ್ದು, ಹೆಂಗೆ ಹೇಳ್ತಿ?"

ಉತ್ತರ ಅಂಟಿನೊಳಗೆ ಇತ್ತು. ಡಬ್ಬಿ ಹಾರಿದ್ದರೂ ಕಂಡೆನ್ಸರಿನ ರಬ್ಬರ್ ಬುಡ ಬೋರ್ಡಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎರಡು ಕಾಲುಗಳಿಗೂ ಒಳಗಿನ ಹಾಳೆಯ ಹರಿದ ಚೂರುಗಳು ಹಾಗೇ ಉಳಿದಿದ್ದವು. ದಿಕ್ಕಿರುವ ಕಂಡೆನ್ಸರಿನಲ್ಲಿ ಪೊರೆ ಬೆಳೆಸಿದ ಪ್ಲಸ್ ಹಾಳೆ ದಪ್ಪ, ಮಡಿಸಿದರೆ ಮುರಿಯುತ್ತದೆ. ಮೈನಸ್ ಹಾಳೆ ತೆಳು, ಚಾಕಲೇಟಿನ ಬೇಗಡೆಯಂತೆ ಬಾಗುತ್ತದೆ. ನಾನು ಅದೇ ಜಾತಿಯ ಹೊಸ ಕಂಡೆನ್ಸರುಗಳನ್ನು ಬಿಚ್ಚಿ, ಸುರುಳಿ ತೆಗೆದು, ಎರಡು ಹಾಳೆಗಳನ್ನೂ ಬೆರಳಲ್ಲಿ ಮಡಿಸಿ ಮಡಿಸಿ ರೂಢಿ ಮಾಡಿಕೊಂಡೆ. ಆಮೇಲೆ ಸಾಹುಕಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಿಡಿದ ಬುಡದ ಚೂರುಗಳನ್ನು ಚಿಮುಟದಿಂದ ಹಿಡಿದೆ. ಬೋರ್ಡಿನ ಪ್ಲಸ್ ತೂತಿನ ಕಾಲಿಗಿದ್ದ ಚೂರು ಮಡಿಸಿದ ಕೂಡಲೇ ಮುರಿಯಿತು. ಮೈನಸ್ ಕಡೆಯದು ಬಾಗಿತು.

ನಾಗವೇಣಿ ಸರಿಯಾಗಿ ಕೂರಿಸಿದ್ದಳು. ಮೊದಲು ಸತ್ತದ್ದು ಡಯೋಡ್. ಆ ಮೇಲೂ ಕಂಡೆನ್ಸರ್ ನೆತ್ತಿಯ ಗೀಟು ಬಿಚ್ಚಿ ಬುಸ್ಸೆಂದು ಹೊಗೆ ಬಿಟ್ಟು ಸುಮ್ಮನಾಗಬೇಕಿತ್ತು. ಹಾಗಾಗದಂತೆ ನೆತ್ತಿಯ ಮೇಲೆ ಕಲ್ಲಿನಂಥ ಅಂಟು ಕೂತಿತ್ತು. ಗಾಳಿಗೆ ಬೇರೆ ದಾರಿಯಿಲ್ಲದೆ ಡಬ್ಬಿಯೇ ಹಾರಿತು.

ಸಾಹುಕಾರರು ಮುರಿದ ಚೂರನ್ನು ತಾವೇ ಎತ್ತಿ ನೋಡಿದರು. "ಅಂಟು ನೆತ್ತಿ ಮ್ಯಾಲೆ ಹಾಕೋದು ಇವತ್ತೇ ನಿಲ್ಸು," ಎಂದು ಎದ್ದು ಹೋದರು.

ನಾನು ಮೊದಲು ನಾಗವೇಣಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಮರುಗಳಿಗೆಯೇ ಅವಳ ಮುಖ ಬಿಗಿಯಿತು.

"ಹಂಗಾದ್ರೆ ಆ ಅಂಟಿಂದ ಆಗೈತೆ ಅಂತೀರೇನ್ರಿ? ಅದು ಹಾಲೇಶಣ್ಣಾರು ಹೇಳಿದ್ದಲ್ರಿ?"

"ಹೌದು."

"ಹೇಳಬ್ಯಾಡ್ರಿ ಸರ್. ಕಣ್ಣು ಹೋಗೈತೆ. ಕೈಯಾರೆ ಕಳಕೊಂಡೆ ಅಂತ ಗೊತ್ತಾದ್ರೆ ಮನುಷ್ಯ ಉಳೀತಾರೇನ್ರಿ?"

"ಮತ್ತೆ ನಿನ್ನ ಹೆಸರು?"

ಹೆಸರು ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮಾತು ಅವಳಿಂದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವಳಿಗೆ ಎರಡೂ ಬೇಕಿತ್ತು: ಹಾಲೇಶನೂ ಉಳಿಯಬೇಕು, ತನ್ನ ಕೈಯ ಮೇಲಿನ ನಂಬಿಕೆಯೂ ಉಳಿಯಬೇಕು. ನನಗೂ ಅಷ್ಟೇ ಬೇಕಿತ್ತು.

ಹಾಲೇಶನ ಮನೆಗೆ ಹೋದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಶಾರದಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಅರ್ಧ ಮಾತ್ರ ಹೇಳಿದೆ. "ನಾಗವೇಣಿ ಉಲ್ಟಾ ಹಾಕಿರಲಿಲ್ಲಪ್ಪ. ಡಯೋಡ್ ಹೋಗಿತ್ತು."

ಆದರೆ ಅವನು ಟೆಸ್ಟಿಂಗಿನವನು. ಅರ್ಧ ಸತ್ಯ ಅವನಿಗೆ ಸಾಲದು. "ಡಯೋಡ್ ಹೋದ್ರೆ ಗೀಟು ಬಿಚ್ಚಿ ಹೊಗೆ ಬರ್ಬೇಕಣ್ಣ. ಹಂಗೆ ಯಾಕ ಹಾರ್ತು? ಡಬ್ಬಿ ಐತೇನು, ತಾ ಇಲ್ಲಿ."

ಡಬ್ಬಿ ನನ್ನ ಚೀಲದಲ್ಲಿತ್ತು. ಇಲ್ಲ ಎನ್ನಬಹುದಿತ್ತು. ಜೊತೆಗೆ ಕೆಲಸ ಮಾಡಿದವನ ಮುಂದೆ ಆ ಸುಳ್ಳು ನನ್ನಿಂದ ಆಗಲಿಲ್ಲ. ಕೊಟ್ಟೆ. ಅವನು ಅದನ್ನು ತಿರುಗಿಸಿ, ನೆತ್ತಿಯ ಮೇಲೆ ಬೆರಳ ತುದಿ ಇಟ್ಟ. ಗಟ್ಟಿ ಅಂಟನ್ನು ಉಗುರಿನಿಂದ ಕೆರೆದು ನೋಡಿದ. ಅದು ಏಳಲಿಲ್ಲ.

"ನಾನೇ ಸುರಿಸಿದ್ದು," ಎಂದ.

"ನಿಂಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ ಹಾಲೇಶ. ಹಲ್ಲಿ ಕಾಟ ತಪ್ಪಿಸಾಕ ಮಾಡಿದ್ದು. ಕಣ್ಣು ತೆಗೀಲಿ ಅಂತ ಯಾರೂ ಮಾಡಲಿಲ್ಲ."

ಅವನು ಡಬ್ಬಿಯನ್ನು ನನ್ನ ಕೈಗೆ ವಾಪಸ್ ಕೊಟ್ಟ. ಬಾಗಿಲಲ್ಲಿ ಶಾರದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸತ್ಯ ಹೇಳಿ ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ಕೊಂದೆನೇ ಎಂದು ಎಷ್ಟೋ ದಿನ ಕೊರಗಿದೆ.

ಕಾರ್ಖಾನೆಯಲ್ಲಿ ಬದಲಾವಣೆಗಳಾದವು. ಅಂಟು ಈಗ ನೆತ್ತಿಯಿಂದ ಕೆಳಗೇ ನಿಲ್ಲುತ್ತದೆ, ಹಲ್ಲಿ ಬಾರದಂತೆ ಸ್ಟಾರ್ಟರ್ ಡಬ್ಬಿಯ ತೂತುಗಳಲ್ಲಿ ಜಾಲರಿ. ಪರೀಕ್ಷೆಯ ಮೇಜಿಗೆ ಗಾಜಿನಂಥ ಪ್ಲಾಸ್ಟಿಕ್ ಮರೆ, ಎಲ್ಲರಿಗೂ ರಕ್ಷಣೆಯ ಕನ್ನಡಕ. ಬೆರಳಿಟ್ಟು ಬಿಸಿ ನೋಡುವ ರೂಢಿ ನಿಂತಿತು. ನಾಗವೇಣಿಯನ್ನು ಬೆಸುಗೆಯ ಮೇಜಿಗೆ ವಾಪಸ್ ಕರೆಸಿದೆ, ಎಲ್ಲರನ್ನೂ ನಿಲ್ಲಿಸಿ ಹಾಳೆಯ ಚೂರು ತೋರಿಸಿ ವಿವರಿಸಿದೆ. ಕೇಳಿದರು, ಹೌದೆಂದರು. ಆದರೂ ಹಸಿರು ಚುಕ್ಕಿಯ ಬೋರ್ಡು ಬಂದರೆ ಟೆಸ್ಟಿಂಗಿನವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಕರೆಂಟು ಕೊಡುವಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವಳು ತನ್ನ ಮೇಜಿನಿಂದ ಅದನ್ನು ನೋಡುತ್ತಿದ್ದಳು. ಬುದ್ಧಿಗೆ ಹೋದ ಮಾತು ಕಾಲಿಗೆ ಹೋಗುವುದಿಲ್ಲ.

ಹಾಲೇಶ ಕೆಲಸಕ್ಕೆ ಮರಳಿದ ದಿನ ಎಲ್ಲರೂ ಎದ್ದು ನಿಂತರು. ಅವನು ನೇರವಾಗಿ ಬೋರ್ಡುಗಳ ಸಾಲಿಗೆ ಹೋದ. ಕೊನೆಯಲ್ಲಿ ಇಟ್ಟಿದ್ದ ಹಸಿರು ಚುಕ್ಕಿಯದೊಂದನ್ನು ಎತ್ತಿಕೊಂಡ. ಮೇಜಿಗೆ ಬಂದು ತಂತಿ ಸಿಕ್ಕಿಸಿದ. ನಾನು ಆಚೆ ತುದಿಯಲ್ಲಿದ್ದೆ. ಅವನು ಏನು ಮಾಡುತ್ತಿದ್ದಾನೆಂದು ತಿಳಿಯುವಷ್ಟರಲ್ಲಿ, ಕನ್ನಡಕವನ್ನೂ ಹಾಕದೆ, ಮರೆಯನ್ನು ಮೇಲಕ್ಕೆತ್ತಿದ್ದ. ಉಳಿದ ಒಂದು ಕಣ್ಣನ್ನು ಕಂಡೆನ್ಸರಿನ ನೇರಕ್ಕೆ ತಂದು, ಬಗ್ಗಿ, ಸ್ವಿಚ್ ಒತ್ತಿದ.

"ಹಾಲೇಶ!" ಎಂದು ನಾನು ಕೂಗಿದೆ. ಒಂದು ಸ್ಟೂಲು ಬಿದ್ದ ಸದ್ದಾಯಿತು. ಬೋರ್ಡಿನ ಮೇಲೆ ದೀಪ ಹತ್ತಿತು. ಅವನು ಬಗ್ಗಿಯೇ ಇದ್ದ. ಅಲ್ಲಿದ್ದ ಒಬ್ಬೊಬ್ಬರೂ ನೋಡಿ ಮುಗಿಸುವವರೆಗೆ ಬಗ್ಗಿಯೇ ಇದ್ದ.

ಇದನ್ನು ಓದುವ ನೀವು ಯಾರೂ, ಯಾವ ಕಾರಣಕ್ಕೂ, ಹಾಗೆ ಮಾಡಕೂಡದು. ಎಷ್ಟು ಚೆನ್ನಾಗಿ ಬೆಸೆದದ್ದಾದರೂ ಭಾಗಗಳು ಯಾರ ಮಾತೂ ಕೇಳುವುದಿಲ್ಲ. ನಾನು ಓಡಿಹೋಗಿ ಸ್ವಿಚ್ ಆರಿಸಿ ಅವನ ತೋಳು ಹಿಡಿದು ಎಳೆದೆ. ಬಾಯಿಗೆ ಬಂದಂತೆ ಬೈದೆ.

ಬಿದ್ದ ಸ್ಟೂಲು ನಾಗವೇಣಿಯದು. ಅವಳು ಅಲ್ಲಿಗೆ ಬಂದಾಗಿತ್ತು. ತನ್ನ ಕನ್ನಡಕ ತೆಗೆದು ಹಾಲೇಶನ ಕೈಗೆ ತುರುಕಿದಳು.

"ಹಾಕ್ಯಳ್ರಿ ಅಣ್ಣಾರೆ," ಎಂದಳು. "ಅದೂ ಹೋದ್ರೆ ನಾನು ಯಾರಿಗೆ ಮಕ ತೋರಿಸ್ಲಿ?"

ಹಾಲೇಶ ಹಾಕಿಕೊಂಡ. ಆಮೇಲೆ ಸಾಲಿನಿಂದ ಇನ್ನೊಂದು ಬೋರ್ಡು ತರಲು ಹೋದ. ಅಷ್ಟರಲ್ಲಿ ಪಕ್ಕದ ಮೇಜಿನವನು ಹಸಿರು ಚುಕ್ಕಿಯದೊಂದನ್ನು ತಾನೇ ಎತ್ತಿಕೊಂಡಿದ್ದ.